ಟಿಕೆಟ್ ಸಿಗುವವರೆಗೂ ಬರೆಯುತ್ತಿರಬಹುದೇ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರಲ್ಲಿ 16 ವರ್ಷಗಳಿಂದ ದಿನಪತ್ರಿಕೆಯ ವರದಿಗಾರ. ಮುಂದಿನ ವಿಧಾನಸಭಾ ಚುನಾವಣೆಗೆ ಟಿಕೆಟ್ ಕೊಡುವುದಾಗಿ, ತಪ್ಪಿದರೆ ವಿಧಾನ ಪರಿಷತ್ತಿಗೆ ನಾಮಕರಣ ಮಾಡಿಸುವುದಾಗಿ ಪಕ್ಷವೊಂದರ ಮುಖಂಡರು ಹೇಳಿದ್ದಾರೆ. 'ಈಗಲೇ ರಾಜೀನಾಮೆ ಬೇಡ, ಬರೆಯುತ್ತಲೇ ಇರಿ' ಎಂದಿದ್ದಾರೆ. ಸಂಪಾದಕರಿಗೆ ತಿಳಿಸಿಲ್ಲ. ಶಿಕ್ಷಕಿಯಾಗಿರುವ ಪತ್ನಿಗೆ ಇದು ಸುತರಾಂ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ರಾಜಕೀಯಕ್ಕೆ ಹೋಗಬೇಕೇ ಬೇಡವೇ ಎಂಬುದು ನಿಮ್ಮ ಚಿಂತೆ, ಆದರೆ ನನ್ನ ಕಣ್ಣು ನಿಂತದ್ದು 'ಬರೆಯುತ್ತಲೇ ಇರಿ' ಎಂಬ ಎರಡು ಪದಗಳ ಮೇಲೆ.

ಪತ್ರಿಕೆಯಿಂದ ರಾಜಕೀಯಕ್ಕೆ ಹೋಗುವುದು ನಮ್ಮಲ್ಲಿ ಹೊಸದಲ್ಲ, ತಪ್ಪೂ ಅಲ್ಲ. 1921ರಲ್ಲಿ ಧಾರವಾಡದಿಂದ 'ಕರ್ಮವೀರ' ಹೊರಡಿಸಿದ ರಂಗನಾಥ ದಿವಾಕರರು ಮುಂದೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು, ಬಿಹಾರದ ರಾಜ್ಯಪಾಲರೂ ಆದರು. 'ಪ್ರಪಂಚ' ವಾರಪತ್ರಿಕೆಯ ಪಾಟೀಲ ಪುಟ್ಟಪ್ಪನವರು 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ಆದರೆ ಮೊದಲನೆಯವರು ಸ್ವಾತಂತ್ರ್ಯ ಚಳವಳಿಯ ಕಡೆಯವರು, ಎರಡನೆಯವರು ಕನ್ನಡದ ಕಡೆಯವರು ಎಂಬುದು ಅವರ ಓದುಗರಿಗೆ ಗೊತ್ತಿತ್ತು. ನೀವು ಯಾರ ಕಡೆ ಎಂಬುದು ನಿಮ್ಮ ಓದುಗರಿಗೆ ಗೊತ್ತಿಲ್ಲ.

ನಾಳೆ ನೀವು ಹಾಲಿ ಶಾಸಕರ ಕ್ಷೇತ್ರದ ಕೆರೆ ಹೂಳೆತ್ತುವ ಕಾಮಗಾರಿಯ ಅಕ್ರಮವನ್ನು ಬಯಲಿಗೆಳೆದಿರಿ ಎಂದುಕೊಳ್ಳಿ. ಬಿಲ್ಲು, ಅಳತೆ ಪುಸ್ತಕ ಎಲ್ಲವೂ ಅಪ್ಪಟ ನಿಜವೇ ಇದ್ದರೂ, ನಿಮಗೆ ಟಿಕೆಟ್ ಘೋಷಣೆಯಾದ ದಿನ ಆ ವರದಿ ಪ್ರಚಾರದ ಕರಪತ್ರವಾಗಿಬಿಡುತ್ತದೆ ಮತ್ತು ಹಳೆಯ 16 ವರ್ಷಗಳ ವರದಿಗಳನ್ನೂ ಜನ ಅದೇ ಅನುಮಾನದಿಂದ ತಿರುವಿ ಹಾಕುತ್ತಾರೆ. ಕೆಲಸ ಹೋದೀತೆಂಬ ಭಯದಲ್ಲೇ ಕಡತದ ನಕಲು ತಂದುಕೊಟ್ಟ ಗುಮಾಸ್ತ ನಂಬಿದ್ದು ವರದಿಗಾರನನ್ನು, ಅಭ್ಯರ್ಥಿಯನ್ನಲ್ಲ.

ಆದ್ದರಿಂದ ಈ ವಾರವೇ ಸಂಪಾದಕರಿಗೆ ವಿಷಯ ತಿಳಿಸಿ, ನಿಮ್ಮ ನಿರ್ಧಾರ ಆಗುವವರೆಗೆ ರಾಜಕೀಯ ವರದಿಗಾರಿಕೆಯಿಂದ ಬಿಡುಗಡೆ ಕೇಳಿ. ಹಾಗೆ ಮಾಡಿದ್ದನ್ನು ಮುಖಂಡರಿಗೂ ಹೇಳಿ. ಅವರಿಗೆ ಬೇಕಾಗಿದ್ದುದು ನೀವೋ, ವರದಿಯ ಮೇಲೆ ಅಚ್ಚಾಗುವ ನಿಮ್ಮ ಹೆಸರೋ (ಬೈಲೈನ್) ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ನಾಮಕರಣದ ಮಾತನ್ನು ಹೆಚ್ಚು ನೆಚ್ಚಬೇಡಿ. 75 ಸದಸ್ಯರ ಪರಿಷತ್ತಿನಲ್ಲಿ ಅಂಥ ಸ್ಥಾನಗಳು 11 ಮಾತ್ರ; ಸಂವಿಧಾನದ 171ನೇ ವಿಧಿ ಅದಕ್ಕಾಗಿ ಹೆಸರಿಸುವುದು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜ ಸೇವೆಯನ್ನು. ಪತ್ರಿಕೋದ್ಯಮ ಆ ಪಟ್ಟಿಯಲ್ಲಿಲ್ಲ. (ನಿಮ್ಮ ವರದಿಗಳನ್ನು ಸಾಹಿತ್ಯವೆಂದು ಒಪ್ಪುವವರನ್ನು ಮೊದಲು ಹುಡುಕಬೇಕಾದೀತು.)

ಇನ್ನು ನಿಮ್ಮ ಪತ್ನಿಯ ವಿರೋಧವನ್ನು ಹಟವೆಂದು ತಳ್ಳಿಹಾಕಬೇಡಿ. ಪತ್ರಿಕಾ ಅಂಕಣಕಾರರಾಗಿದ್ದ ಪ್ರತಾಪ ಸಿಂಹ ಅವರು 2014 ಮತ್ತು 2019ರಲ್ಲಿ ಮೈಸೂರಿನಿಂದ ಲೋಕಸಭೆಗೆ ಗೆದ್ದರೂ 2024ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಎರಡು ಸಲ ಗೆದ್ದವರ ಪಾಡೇ ಹೀಗಿರುವಾಗ ಮನೆಯವರು ಅಂಜುವುದು ಸಹಜ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಅದರಲ್ಲಿ ನಿಮ್ಮ ಕೈಯಿಂದ ಹೋಗುವುದೆಷ್ಟು ಎಂದು ಯಾರನ್ನಾದರೂ ಕೇಳಿದ್ದೀರಾ? ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಪತ್ನಿಯ ಉಳಿತಾಯ, ಸಾಲ, ಮೈಮೇಲಿನ ಒಡವೆಯ ತೂಕದವರೆಗೆ ಎಲ್ಲವನ್ನೂ ಬರೆಯಬೇಕು ಮತ್ತು ಅದನ್ನು ಊರೆಲ್ಲ ಓದುತ್ತದೆ. ಆ ನಮೂನೆಯ ಒಂದು ಪ್ರತಿಯನ್ನು ತಂದು ಮೊದಲು ಅವರ ಕೈಗೆ ಕೊಡಿ; ಅವರು ಓದಿ ಮುಗಿಸಿದ ಮೇಲೆ ಮಾತಿಗೆ ಕುಳಿತುಕೊಳ್ಳಿ.