ಮೂರನೇ ಕ್ಲಾಸಿನ ಮಗು ಪಾಠ ಗಡಗಡ ಓದುತ್ತೆ, ಹೊಸ ಸಾಲು ಕೊಟ್ಟರೆ ತಡವರಿಸುತ್ತೆ. ಯಾಕೆ?

ಆ ಗಡಗಡ ಓದು ಬಹುಶಃ ಬಾಯಿಪಾಠ. ಚಿತ್ರ ಮುಚ್ಚಿ, ಅದೇ ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ ನೋಡಿ. ‘ಗುಮಿಟ’, ‘ನೆಸ್ಕೊ’ ಥರದ ಅರ್ಥವಿಲ್ಲದ ಪದಗಳನ್ನೂ ಕೊಡಿ. ಅಲ್ಲಿ ಊಹೆ ನಡೆಯೋದಿಲ್ಲ.

ಎಲ್ಲಿ ಎಡವುತ್ತೆ ಅಂತ ಗುರುತು ಹಾಕಿಕೊಳ್ಳಿ. ಪ-ಷ-ವ ಅದಲುಬದಲಾದರೆ ಅಕ್ಷರದ ಗುರುತೇ ಗಟ್ಟಿಯಾಗಿಲ್ಲ. ‘ಸೂರ್ಯ’ವನ್ನು ‘ಸೂಯ್ರ’ ಅಂದರೆ ಗಾಬರಿ ಬೇಡ: ಅರ್ಕಾವತ್ತು ಬರೆಯೋದು ‘ಯ’ ಆದಮೇಲೆ, ಉಚ್ಚರಿಸೋದು ಅದಕ್ಕಿಂತ ಮೊದಲು. ಕಣ್ಣು ಒಂದು ಹೇಳುತ್ತೆ, ನಾಲಿಗೆ ಇನ್ನೊಂದು ಹೇಳಬೇಕು.

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಆಮೇಲೆ ದಿನಕ್ಕೆ 15 ನಿಮಿಷ, ವಾರಕ್ಕೊಂದೇ ಒತ್ತಕ್ಷರ. ‘ಅಪ್ಪ’ವನ್ನು ಚಪ್ಪಾಳೆ ತಟ್ಟಿ ಅಪ್-ಪ ಅಂತ ಒಡೆದು ಕೇಳಿಸಿ, ನಂತರ ಬರೆಸಿ. ಒಂದು ಸಾಲು ನೀವು ಬೆರಳಿಟ್ಟು ಓದಿ, ಅದನ್ನೇ ಮಗು ಓದಲಿ. ಹತ್ತು ಸಲ ಕಾಪಿ ಬರೆಸೋದು ದಂಡ; ಕೈ ಬರೆಯುತ್ತೆ, ತಲೆ ಓದೋದಿಲ್ಲ.

ಐದಾರು ತಿಂಗಳಾದರೂ ಹಾಗೇ ಇದ್ದರೆ ಡಿಸ್ಲೆಕ್ಸಿಯಾ (ಓದು-ಬರಹ ಕಲಿಯೋದರಲ್ಲಿನ ತೊಂದರೆ) ಇದೆಯೇ ಎಂದು ತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಡಿಸ್ಲೆಕ್ಸಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತೆ, ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು.