ತೊಗರಿ ಗೋದಾಮಿನಲ್ಲಿಟ್ಟು ಸಾಲ ಸಿಗುತ್ತದಾ?

ಪ್ರಶ್ನೆ: ನಮ್ಮದು ಮೂರು ಎಕರೆ ತೊಗರಿ. ಬೀಜ, ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಕೈಸಾಲ ಮಾಡಿರುತ್ತೇವೆ. ರಾಶಿಯಾದ ಕೂಡಲೇ ಅವರು ಹೇಳಿದ ರೇಟಿಗೆ ಕೊಡಬೇಕು. ಗೋದಾಮಿನಲ್ಲಿಟ್ಟರೆ ಬ್ಯಾಂಕು ಸಾಲ ಕೊಡುತ್ತದಂತೆ, ನಿಜವಾ?
— ಓದುಗರು, ಸೇಡಂ

ಉತ್ತರ: ನಿಜ. ಡಿಸೆಂಬರ್-ಜನವರಿಯಲ್ಲಿ ಎಲ್ಲರ ತೊಗರಿಯೂ ಒಟ್ಟಿಗೆ ಕಲಬುರಗಿ ಮಾರುಕಟ್ಟೆಗೆ ಬಂದು ಬೀಳುತ್ತದೆ, ರೇಟು ಇಳಿಯುತ್ತದೆ, ಸಾಲ ತೀರಿಸುವ ಅವಸರ ಇದ್ದವರು ರೇಟು ಏರುವವರೆಗೆ ಕಾಯೋದಕ್ಕೆ ಆಗಲ್ಲ, ಅಲ್ವಾ? ಸಣ್ಣ ರೈತರ ಬಡತನಕ್ಕೆ ಈ ಅವಸರವೇ ದೊಡ್ಡ ಕಾರಣ ಅಂತ ನನಗನಿಸುತ್ತದೆ.

ನೀವು ಹುಡುಕಬೇಕಾದದ್ದು ಡಬ್ಲ್ಯುಡಿಆರ್‌ಎ (ಗೋದಾಮುಗಳನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಪ್ರಾಧಿಕಾರ) ನೋಂದಣಿ ಇರುವ ಗೋದಾಮು. 2007ರ ಉಗ್ರಾಣ ಕಾಯ್ದೆ ಪ್ರಕಾರ ಅಲ್ಲಿ ಕೊಡುವ ರಸೀದಿಯನ್ನು ಅಡವಿಟ್ಟು ಸಾಲ ಪಡೆಯಬಹುದು. 2017ರಿಂದ ಅದು ಎಲೆಕ್ಟ್ರಾನಿಕ್ ರೂಪದಲ್ಲೂ ಬಂದಿದೆ, ಹಾಗಾಗಿ ಒಂದೇ ಚೀಲ ತೋರಿಸಿ ಎರಡು ಕಡೆ ಸಾಲ ಎತ್ತೋದು ಕಷ್ಟ, ಬ್ಯಾಂಕಿನವರಿಗೂ ಧೈರ್ಯ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ 6 ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಇದೆ, ಬ್ಯಾಂಕಿನಲ್ಲಿ ಬಿಡದೆ ಕೇಳಿ.

ಕಾಳು ಚೆನ್ನಾಗಿ ಒಣಗಿಸಿ ಒಯ್ಯಿರಿ. ತೇವ ಜಾಸ್ತಿ ಇದ್ದರೆ ದರ್ಜೆ ಇಳಿಯುತ್ತದೆ, ಸಾಲವೂ ಇಳಿಯುತ್ತದೆ. ಬ್ಯಾಂಕು ಮಾಲಿನ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಬಾಡಿಗೆ, ಬಡ್ಡಿ, ಸಾಗಾಣಿಕೆ ಕೂಡಿಸಿ ನೋಡಿ. ರೇಟು ಏರದೇ ಇರಬಹುದು, ಆಮದು ಹೆಚ್ಚಾದರೆ ಇಳಿಯಲೂಬಹುದು. ಅದಕ್ಕೇ ಎಲ್ಲವನ್ನೂ ಇಡಬೇಡಿ, ಅರ್ಧ ಮಾರಿ ಕೈಸಾಲ ತೀರಿಸಿ. ನಿಮ್ಮದು ಸ್ವಲ್ಪವೇ ಮಾಲು, ಒಬ್ಬರೇ ಹೋದರೆ ಗಾಡಿ ಬಾಡಿಗೆಯೇ ಹೊರೆ, ಊರಿನಲ್ಲಿ ರೈತರೇ ಸೇರಿ ಕಟ್ಟಿದ ರೈತ ಉತ್ಪಾದಕರ ಕಂಪನಿ ಇದ್ದರೆ ಅವರ ಜೊತೆ ಸೇರಿ ಇಡಿ.