ಕ್ರೀಮ್ ತುಂಬಿದ ಕುಕಿ ಮರುದಿನವೂ ಮೆತ್ತಗಿರಬೇಕಾದರೆ

ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳಿವೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 18 ನಿಮಿಷ ಬೇಯಿಸಿದ ಕುಕಿಗಳು ಮಾಡಿದ ದಿನ ಚೆನ್ನಾಗಿದ್ದು ಮರುದಿನ ರಸ್ಕಿನಂತೆ ಗಟ್ಟಿಯಾಗುತ್ತವೆ ಎಂಬುದು ಒಂದು. ಒಳಗಿಟ್ಟ ಕ್ರೀಮ್ ಬೇಯುವಾಗಲೇ ಒಡೆದು ಟ್ರೇಗೆ ಹರಿದು ಸೀದುಹೋಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ನಾನು ಅನುಭವಿಸಿದ್ದೇನೆ. ನಾನು ಧಾರವಾಡದವಳು, ಮದುವೆಯಾದ ಮೇಲೆ ಮಂಗಳೂರಿನಲ್ಲಿ ನೆಲೆಸಿದ್ದೇನೆ. ತವರಿನ ಅಡುಗೆಮನೆಯಲ್ಲಿ ಸರಿಯಾಗಿ ಬರುತ್ತಿದ್ದ ಇದೇ ಕುಕಿ ಇಲ್ಲಿಯ ಸೆಕೆಯಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳತೊಡಗಿದಾಗಲೇ ಇದರ ಕಾರಣಗಳನ್ನು ಒಂದೊಂದಾಗಿ ಹುಡುಕಬೇಕಾಯಿತು. ನನಗೆ ಕೊನೆಗೆ ತಿಳಿದುಬಂದದ್ದು ಇಷ್ಟು: ಮೆತ್ತನೆಯ ಕುಕಿ ಎಂದರೆ ನೀರನ್ನು ಬಿಟ್ಟುಕೊಡದ ಕುಕಿ, ಮತ್ತು ಅದರೊಳಗಿನ ಕ್ರೀಮ್ ಆ ನೀರಿನ ಲೆಕ್ಕದಲ್ಲಿ ಪಾಲುದಾರ. ಉಳಿದದ್ದೆಲ್ಲ ಇದರ ವಿವರ.

ಮೊದಲು ಬೇಯಿಸುವ ಸಮಯದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಮೊದಲ ತೊಂದರೆಯ ಬಹುಪಾಲು ಅಲ್ಲಿಯೇ ಇದೆ. ನಮ್ಮ ಅಯ್ಯಂಗಾರ್ ಬೇಕರಿಗಳ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತುಗಳನ್ನು ತಿಂದು ಬೆಳೆದ ನಮಗೆ ಬಿಸ್ಕತ್ತು ಬೆಂದಿದೆ ಎಂದರೆ ಕೈಗೆ ಗಟ್ಟಿಯಾಗಿ ಸಿಗಬೇಕು, ಮೇಲೆ ಹೊಂಬಣ್ಣ ಬಂದಿರಬೇಕು. ಮೆತ್ತನೆಯ ಕುಕಿಯಲ್ಲಿ ಈ ಲಕ್ಷಣಗಳಿಗಾಗಿ ಕಾದರೆ ಹೊತ್ತು ಮೀರಿತು ಎಂದೇ ಅರ್ಥ. ಅಂಚು ಮಾತ್ರ ಗಟ್ಟಿಯಾಗಿ, ತಿಳಿಯಾದ ಕಂದು ಗೆರೆ ಕಾಣಿಸಿಕೊಂಡು, ನಡುಭಾಗ ಇನ್ನೂ ಪೇಲವವಾಗಿ, ಬೆರಳು ತಾಗಿಸಿದರೆ ತಗ್ಗುವಂತಿರುವಾಗಲೇ ಟ್ರೇಯನ್ನು ಹೊರಗೆ ತೆಗೆಯಬೇಕು. ಆಗ ನಿಮಗೆ ಅದು ಹಸಿಯಾಗಿದೆ ಎನಿಸುತ್ತದೆ. ಆದರೆ ಬಿಸಿ ಟ್ರೇಯ ಮೇಲೆಯೇ ಹತ್ತು ನಿಮಿಷ ಬಿಟ್ಟರೆ ಒಳಗಿನ ಶಾಖದಲ್ಲಿ ನಡುಭಾಗ ಬೇಯುತ್ತ ಹೋಗುತ್ತದೆ, ಕರಗಿದ ಬೆಣ್ಣೆ ಮತ್ತು ಸಕ್ಕರೆ ತಣಿಯುತ್ತ ಕುಕಿಗೆ ರೂಪ ಕೊಡುತ್ತವೆ. ನಾನು ಸುಮಾರು 60 ಗ್ರಾಂ ತೂಕದ ತುಂಬಿದ ಕುಕಿಗಳನ್ನು 170 ಡಿಗ್ರಿಯಲ್ಲಿ 13 ನಿಮಿಷ ಬೇಯಿಸುತ್ತೇನೆ. ನಿಮ್ಮ 18 ನಿಮಿಷ ಇದಕ್ಕಿಂತ ಬಹಳ ಹೆಚ್ಚು.

ಇದರ ಜೊತೆಗೆ ನಿಮ್ಮ ಓಟಿಜಿಯ, ಅಂದರೆ ಮನೆಯ ಚಿಕ್ಕ ವಿದ್ಯುತ್ ಓವನ್ನಿನ, ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ ಎಂದು ಕೇಳಿಕೊಳ್ಳುತ್ತೇನೆ. ನನ್ನದರಲ್ಲಿ ಗುಂಡಿ 180 ತೋರಿಸುವಾಗ ಒಳಗಿಟ್ಟ ಥರ್ಮಾಮೀಟರ್ 200 ತೋರಿಸುತ್ತಿತ್ತು, ಮತ್ತು ಅದು ತಿಳಿಯುವವರೆಗೆ ನಾನು ಮೈದಾದ ಅಳತೆಯನ್ನೇ ಬದಲಾಯಿಸುತ್ತ ಹಲವು ತಿಂಗಳು ಕಳೆದೆ. ಓವನ್ನಿನ ಒಳಗೆ ತೂಗುಹಾಕುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಹೊಸ ಅಚ್ಚು, ಹೊಸ ಟ್ರೇಗಳಿಗಿಂತ ಮೊದಲು ಕೊಳ್ಳಬೇಕಾದದ್ದು ಅದೇ.

ಎರಡನೆಯ ಕಾರಣ ಸಕ್ಕರೆಯಲ್ಲಿದೆ. ನೀವು ಬರೀ ಬಿಳಿ ಸಕ್ಕರೆ ಹಾಕಿದ್ದೀರಿ. ಬೇಯುವಾಗ ಕರಗಿದ ಬಿಳಿ ಸಕ್ಕರೆ ಕುಕಿ ತಣಿದ ಮೇಲೆ ಮತ್ತೆ ಹರಳುಗಟ್ಟುತ್ತದೆ, ಮರುದಿನದ ಗರಿಗರಿತನ ಹೆಚ್ಚಾಗಿ ಅದರಿಂದಲೇ ಬರುತ್ತದೆ. ಬ್ರೌನ್ ಶುಗರ್‌ನಲ್ಲಿ ಕಬ್ಬಿನ ಕಾಕಂಬಿಯ ಅಂಶವಿರುತ್ತದೆ. ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹರಳುಗಟ್ಟುವುದನ್ನು ತಡೆಯುತ್ತವೆ, ಜೊತೆಗೆ ಸುತ್ತಲಿನ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಮೂರನೆಯ ಎರಡು ಭಾಗವಾದರೂ ಬ್ರೌನ್ ಶುಗರ್ ಇರಲಿ. ಅದು ಸಿಗದಿದ್ದರೆ ನಾನು ಮಲೆನಾಡಿನ ಜೋನಿ ಬೆಲ್ಲವನ್ನು, ಅಂದರೆ ಅಚ್ಚಿಗೆ ಹಾಕದ ದ್ರವ ಬೆಲ್ಲವನ್ನು, ಬಳಸುತ್ತೇನೆ: 150 ಗ್ರಾಂ ಸಕ್ಕರೆಗೆ 20 ಗ್ರಾಂ ಜೋನಿ ಬೆಲ್ಲ ಬೆರೆಸಿದರೆ ಸಾಕು. ಶಿರಸಿ ಕಡೆಯ ನೆಂಟರು ತಂದುಕೊಡುವ ಬೆಲ್ಲದಿಂದ ಮಾಡಿದ ಕುಕಿಗಳ ಪರಿಮಳ ಅಂಗಡಿಯ ಬ್ರೌನ್ ಶುಗರ್‌ನಲ್ಲಿ ನನಗೆ ಎಂದೂ ಸಿಕ್ಕಿಲ್ಲ. ಅಚ್ಚುಬೆಲ್ಲವನ್ನು ಪುಡಿ ಮಾಡಿ ಹಾಕುವುದಾದರೆ ಚೆನ್ನಾಗಿ ಜರಡಿ ಹಿಡಿಯಬೇಕು, ಇಲ್ಲವಾದರೆ ಉಳಿದ ಹೆಂಟೆಗಳು ಟ್ರೇಯ ಮೇಲೆ ಕರಗಿ ಸೀಯುತ್ತವೆ.

ಬೆಣ್ಣೆಯ ಬದಲು ತುಪ್ಪ ಹಾಕಬಹುದೇ ಎಂದೂ ಕೇಳಿದ್ದೀರಿ. ಈ ಕುಕಿಗೆ ಬೇಡ. ಅಂಗಡಿಯ ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಕೊಬ್ಬು, ಶೇ 16ರಷ್ಟು ನೀರು ಇರುತ್ತದೆ. ತುಪ್ಪದಲ್ಲಿ ನೀರೇ ಇಲ್ಲ. ತುಪ್ಪದಿಂದ ಮಾಡಿದ್ದು ಬಾಯಲ್ಲಿ ಮರಳಿನಂತೆ ಉದುರಿ ಕರಗುತ್ತದೆ, ಅದು ನಾನ್‌ಖಟಾಯಿಗೆ ಗುಣ, ಇದಕ್ಕೆ ದೋಷ.

ಹನ್ನೆರಡು ಕುಕಿಗಳಿಗೆ ನನ್ನ ಅಳತೆ ಹೀಗಿದೆ. ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 120 ಗ್ರಾಂ, ಬಿಳಿ ಸಕ್ಕರೆ 50 ಗ್ರಾಂ, ಒಂದು ಇಡೀ ಮೊಟ್ಟೆ ಮತ್ತು ಇನ್ನೊಂದು ಮೊಟ್ಟೆಯ ಹಳದಿ, ಮೈದಾ 200 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ. ಹೆಚ್ಚುವರಿ ಹಳದಿಯ ಕೊಬ್ಬು ಕುಕಿಯನ್ನು ಮೃದುವಾಗಿಡುತ್ತದೆ. ಬಿಳಿಯ ಭಾಗ ಹೆಚ್ಚಾದರೆ ಒಣಗಿಸುತ್ತದೆ. ಕಾರ್ನ್‌ಫ್ಲೋರ್‌ನಲ್ಲಿ ಅಂಟಿನಂಶವಿಲ್ಲದ ಕಾರಣ ಅದು ಮೈದಾದ ಬಿಗುವನ್ನು ಸ್ವಲ್ಪ ತಗ್ಗಿಸುತ್ತದೆ. ದಯವಿಟ್ಟು ತಕ್ಕಡಿಯಲ್ಲಿ ತೂಗಿ. ಕಪ್ಪಿನಲ್ಲಿ ಮೈದಾವನ್ನು ಒತ್ತಿ ತುಂಬಿದರೆ ಸುಲಭವಾಗಿ 20–30 ಗ್ರಾಂ ಹೆಚ್ಚು ಬರುತ್ತದೆ, ಮತ್ತು ಆ 30 ಗ್ರಾಂ ಮೈದಾವೇ ನಿಮ್ಮ ಕುಕಿಯ ನೀರನ್ನು ಕುಡಿದುಬಿಡುತ್ತದೆ.

ಬೆಣ್ಣೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಹೊಳಪು ಬಂದಿರಬಾರದು. ಅದನ್ನು ಸಕ್ಕರೆಗಳೊಂದಿಗೆ ಎರಡು ನಿಮಿಷ ಮಾತ್ರ ತಿರುವಿ. ಕೇಕಿಗೆ ಮಾಡುವಂತೆ ಬೆಳ್ಳಗಾಗುವವರೆಗೆ ತಿರುವಿದರೆ ಗಾಳಿ ಹೆಚ್ಚು ಸೇರಿ ಕುಕಿ ಉಬ್ಬಿ ಕುಸಿಯುತ್ತದೆ. ಮೊಟ್ಟೆ ಸೇರಿಸಿ, ಕೊನೆಗೆ ಜರಡಿ ಹಿಡಿದ ಒಣ ಪದಾರ್ಥಗಳನ್ನು ಹಾಕಿ, ಮೈದಾ ಕಣ್ಣಿಗೆ ಕಾಣದಾದ ಕೂಡಲೇ ಕೈ ನಿಲ್ಲಿಸಿ. ನಂತರ ಹಿಟ್ಟನ್ನು ಮುಚ್ಚಿ ಕನಿಷ್ಠ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಇಟ್ಟರೆ ಮೈದಾ ನೀರನ್ನು ಸಮನಾಗಿ ಹೀರಿಕೊಂಡು ರುಚಿಯೂ ಗಾಢವಾಗುತ್ತದೆ. ಧಾರವಾಡದ ಚಳಿಗಾಲದಲ್ಲಿ ಈ ಹಂತವನ್ನು ಬಿಟ್ಟರೂ ಕುಕಿ ನಿಲ್ಲುತ್ತಿತ್ತು. ಕರಾವಳಿಯಲ್ಲಿ ಹಾಗಲ್ಲ: ಬೆಣ್ಣೆ ಪೂರ್ತಿ ಕರಗಲು 32ರಿಂದ 35 ಡಿಗ್ರಿ ಸಾಕು, ಇಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತದೆ.

ಇನ್ನು ನಿಮ್ಮ ಎರಡನೆಯ ತೊಂದರೆ, ಹರಿದುಹೋಗುವ ಕ್ರೀಮ್. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಅಮ್ಮನ ಹೋಳಿಗೆ. ಹೂರಣ ನೀರಾದರೆ ಕಣಕ ಎಷ್ಟೇ ಚೆನ್ನಾಗಿ ನಾದಿದ್ದರೂ ಲಟ್ಟಿಸುವಾಗ ಒಡೆಯುತ್ತದೆ ಎಂದು ಆಕೆ ಪ್ರತಿ ಯುಗಾದಿಗೂ ಹೇಳುತ್ತಿದ್ದರು, ಬೇಳೆಯ ಕಟ್ಟನ್ನು ಕೊನೆಯ ಹನಿಯವರೆಗೂ ಬಸಿಯುತ್ತಿದ್ದರು. ಕುಕಿಯ ಹೂರಣಕ್ಕೂ ಅದೇ ನಿಯಮ, ಸ್ವಲ್ಪ ಇನ್ನೂ ಕಟ್ಟುನಿಟ್ಟಾಗಿ. ಹೋಳಿಗೆಯಲ್ಲಿ ಹೂರಣ ಮತ್ತು ಕಣಕ ಒಂದೇ ಹದದಲ್ಲಿರಬೇಕು. ಇಲ್ಲಿ ಹೂರಣವು ಹಿಟ್ಟಿಗಿಂತ ಗಟ್ಟಿಯಾಗಿ, ಅಂದರೆ ಹೆಪ್ಪುಗಟ್ಟಿ, ಒಳಗೆ ಹೋಗಬೇಕು. ಹೊರಗಿನ ಹಿಟ್ಟು ಬೆಂದು ಗೋಡೆಯಾಗಿ ನಿಲ್ಲುವವರೆಗೆ ಒಳಗಿನದು ಕರಗಬಾರದು. ನೀವು ಹಾಕಿದ್ದು ಪೊಟ್ಟಣದ ಫ್ರೆಶ್ ಕ್ರೀಮ್ ಮತ್ತು ಸಕ್ಕರೆ. ಶೇ 25ರಷ್ಟು ಕೊಬ್ಬಿರುವ ಆ ಕ್ರೀಮ್‌ನ ಬಹುಭಾಗ ನೀರೇ ಆಗಿದ್ದು, ಅದು ತಿರುವಿದರೂ ನಿಲ್ಲುವುದಿಲ್ಲ, ಬಿಸಿ ತಾಗಿದರೆ ಹರಿಯದೆ ಬೇರೆ ದಾರಿಯಿಲ್ಲ.

ಕ್ರೀಮ್ ಚೀಸ್ ಸಿಕ್ಕರೆ ಅದು ಈ ಕೆಲಸಕ್ಕೆ ಒಳ್ಳೆಯದು. ಆದರೆ ನಾನು ಹೆಚ್ಚಾಗಿ ಮಾಡುವುದು ಚಕ್ಕಾದಿಂದ. ಶ್ರೀಖಂಡ ಮಾಡುವ ಮನೆಗಳಲ್ಲಿ ಬೆಳೆದವರಿಗೆ ಚಕ್ಕಾ ಎಂದರೇನೆಂದು ಹೇಳಬೇಕಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ. ಹುಳಿಯಿಲ್ಲದ ಗಟ್ಟಿ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆಯಿರಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ನೀರೆಲ್ಲ ಇಳಿದು ಉಳಿಯುವುದೇ ಚಕ್ಕಾ. ಕುಕಿಗಾದರೆ ಆ ಗಂಟಿನ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಒರಳಿನ ಗುಂಡನ್ನೋ ನೀರು ತುಂಬಿದ ಪಾತ್ರೆಯನ್ನೋ ಇಟ್ಟು ಇನ್ನೂ ನಾಲ್ಕು ಗಂಟೆ ಹಿಂಡಬೇಕು. ಹೀಗೆ ಸಿದ್ಧವಾದ 120 ಗ್ರಾಂ ಚಕ್ಕಾಕ್ಕೆ ಐಸಿಂಗ್ ಶುಗರ್ 35 ಗ್ರಾಂ, ಹಾಲಿನ ಪುಡಿ 15 ಗ್ರಾಂ, ಕಾರ್ನ್‌ಫ್ಲೋರ್ ಒಂದು ಟೀ ಚಮಚ ತುಂಬ, ಎರಡು ಏಲಕ್ಕಿಯ ಪುಡಿ ಸೇರಿಸಿ. ಸಕ್ಕರೆ ಬೆರೆತಾಗ ಚಕ್ಕಾ ಸ್ವಲ್ಪ ಸಡಿಲವಾಗುತ್ತದೆ, ಗಾಬರಿಯಾಗಬೇಡಿ, ಹಾಲಿನ ಪುಡಿ ಆ ನೀರನ್ನು ಹೀರಿಕೊಳ್ಳುತ್ತದೆ. ಕಾರ್ನ್‌ಫ್ಲೋರ್ ಬಿಡುವಂತಿಲ್ಲ, ಏಕೆಂದರೆ ಪಿಷ್ಟವಿಲ್ಲದ ಮೊಸರು ಬಿಸಿಯಲ್ಲಿ ಒಡೆದು ನೀರು ಬೇರೆ ಗಸಿ ಬೇರೆಯಾಗುತ್ತದೆ. ಇದನ್ನು ಬಟರ್ ಪೇಪರಿನ ಮೇಲೆ ಹನ್ನೆರಡು ಗುಪ್ಪೆಗಳಾಗಿ ಇಟ್ಟು ಫ್ರೀಜರಿನಲ್ಲಿ ಎರಡು ಗಂಟೆ ಬಿಡಿ. ಬೆರಳಿನಿಂದ ಒತ್ತಿದರೆ ಕಲ್ಲಿನಂತಿರಬೇಕು.

ತುಂಬುವ ಕೆಲಸ ನಿಮ್ಮ ಕೈಗೆ ಹೊಸದಲ್ಲ. ಸುಮಾರು 45 ಗ್ರಾಂ ತಣ್ಣನೆಯ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ, ನಡುವೆ ಹೆಪ್ಪುಗಟ್ಟಿದ ಹೂರಣವನ್ನಿಟ್ಟು, ಅಂಚುಗಳನ್ನು ಮೇಲಕ್ಕೆ ತಂದು ಬಿರುಕಿಲ್ಲದಂತೆ ಮುಚ್ಚಿ ಉರುಟು ಮಾಡಿ. ಶಾಖ ಟ್ರೇಯಿಂದಲೇ ಮೊದಲು ಏರುವುದರಿಂದ ತಳದ ಹಿಟ್ಟು ತೆಳುವಾದರೆ ಅಲ್ಲಿಯೇ ಒಡೆಯುತ್ತದೆ. ಅದಕ್ಕಾಗಿ ಮುಚ್ಚಿದ ಬದಿಯನ್ನು, ಹಿಟ್ಟು ಕೂಡಿಕೊಂಡು ದಪ್ಪವಾಗಿರುವ ಬದಿಯನ್ನು, ಕೆಳಗೆ ಮಾಡಿ ಇಡಬೇಕು. ಎಲ್ಲ ಉಂಡೆಗಳು ಮುಗಿಯುವಷ್ಟರಲ್ಲಿ ಮೊದಲನೆಯವು ಮೆತ್ತಗಾಗಿರುತ್ತವೆ, ಆದ್ದರಿಂದ ಮತ್ತೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಅಷ್ಟರಲ್ಲಿ ಓವನ್ನನ್ನು ಕಾಯಿಸಿ. ಟ್ರೇಯಲ್ಲಿ ಎರಡರ ನಡುವೆ ಮೂರು ಬೆರಳಿನಷ್ಟು ಜಾಗ ಬಿಟ್ಟು ಆರೇ ಆರು ಕುಕಿಗಳನ್ನಿಡಿ. ಎರಡನೆಯ ಸರದಿಗೆ ಬಿಸಿ ಟ್ರೇಯ ಮೇಲೆ ಹಿಟ್ಟನ್ನಿಡಬಾರದು, ಓವನ್ನಿಗೆ ಹೋಗುವ ಮುಂಚೆಯೇ ಬೆಣ್ಣೆ ಕರಗಲಾರಂಭಿಸುತ್ತದೆ.

ಹೂರಣವನ್ನು ಬೇಯಿಸುವ ಗೋಜೇ ಬೇಡ ಎನ್ನುವುದಾದರೆ ಎರಡು ಕುಕಿಗಳ ನಡುವೆ ಬಟರ್‌ಕ್ರೀಮ್ ಹಚ್ಚಿ ಜೋಡಿಸಬಹುದು. ಕೇಕಿನಂತಹ ಎರಡು ಮೆತ್ತನೆಯ ಬಿಲ್ಲೆಗಳ ನಡುವೆ ಕ್ರೀಮ್ ಇಡುವ ವೂಪೀ ಪೈ ಎಂಬ ತಿನಿಸನ್ನು ಅಮೆರಿಕದ ಮೇಯ್ನ್ ರಾಜ್ಯವು 2011ರಲ್ಲಿ ತನ್ನ ಅಧಿಕೃತ ತಿನಿಸೆಂದು ಘೋಷಿಸಿಕೊಂಡಿದೆ. ಈ ಬಗೆ ಅದಕ್ಕೆ ಹತ್ತಿರದ್ದು. ಹೀಗೆ ಮಾಡುವಾಗ ಒಂದೊಂದು ಉಂಡೆಗೆ 25 ಗ್ರಾಂ ಹಿಟ್ಟು, ಎಂಟರಿಂದ ಒಂಬತ್ತು ನಿಮಿಷ ಸಾಕು. 100 ಗ್ರಾಂ ಬೆಣ್ಣೆಗೆ 150 ಗ್ರಾಂ ಐಸಿಂಗ್ ಶುಗರ್, ಒಂದು ದೊಡ್ಡ ಚಮಚ ಹಾಲು ಹಾಕಿ ಐದು ನಿಮಿಷ ತಿರುವಿ, ಕುಕಿ ಪೂರ್ತಿ ತಣಿದ ಮೇಲೆಯೇ ಹಚ್ಚಿ.

ನೀರಿನ ಲೆಕ್ಕದಲ್ಲಿ ಕ್ರೀಮ್ ಪಾಲುದಾರ ಎಂದು ಮೊದಲು ಹೇಳಿದ ಮಾತು ಇಲ್ಲಿ ಬರುತ್ತದೆ. ಅಂಗಡಿಯ ಕ್ರೀಮ್ ಬಿಸ್ಕತ್ತು ತಿಂಗಳುಗಟ್ಟಲೆ ಗರಿಗರಿಯಾಗಿರುವುದು ಅದರ ಕ್ರೀಮ್‌ನಲ್ಲಿ ಸಕ್ಕರೆ ಮತ್ತು ವನಸ್ಪತಿ ಕೊಬ್ಬು ಬಿಟ್ಟರೆ ನೀರು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ. ನಮಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಒಟ್ಟಿಗಿರುವ ಎರಡು ಪದಾರ್ಥಗಳಲ್ಲಿ ತೇವ ಹೆಚ್ಚಿರುವುದರಿಂದ ಕಡಿಮೆ ಇರುವುದಕ್ಕೆ ನಿಧಾನವಾಗಿ ಹರಿಯುತ್ತಿರುತ್ತದೆ. ಒಳಗಿನ ಹೂರಣದಲ್ಲಿ ಸ್ವಲ್ಪ ನೀರಿದ್ದರೆ ಅದು ಎರಡನೆಯ ದಿನ ಕುಕಿಗೆ ಇಳಿದು ಅದನ್ನು ಇನ್ನಷ್ಟು ಮೃದುಗೊಳಿಸುತ್ತದೆ. ಸ್ವಲ್ಪ ಎಂಬ ಪದವನ್ನು ಒತ್ತಿ ಹೇಳುತ್ತಿದ್ದೇನೆ. ಹೆಚ್ಚಾದರೆ ಕುಕಿ ಹಾಲಿನಲ್ಲಿ ಅದ್ದಿದ ಬನ್ನಿನಂತಾಗುತ್ತದೆ. ಚಕ್ಕಾದ ಹೂರಣವಿರುವ ಕುಕಿ ನನ್ನ ನಾಲಿಗೆಗೆ ಮಾಡಿದ ದಿನಕ್ಕಿಂತ ಮರುದಿನವೇ ಹೆಚ್ಚು ರುಚಿ ಎನಿಸುತ್ತದೆ.

ಮೊಟ್ಟೆ ತಿನ್ನದವರಿಗಾಗಿ ಮಾಡುವಾಗ ಮೊಟ್ಟೆಗಳ ಜಾಗದಲ್ಲಿ 50 ಗ್ರಾಂ ಗಟ್ಟಿ ಮೊಸರು, ಒಂದು ದೊಡ್ಡ ಚಮಚ ಹಾಲಿನ ಪುಡಿ ಮತ್ತು 10 ಗ್ರಾಂ ಹೆಚ್ಚಿನ ಬೆಣ್ಣೆ ಹಾಕುತ್ತೇನೆ. ಮೊಸರಿನ ಹುಳಿ ಸೋಡಾಕ್ಕೆ ಕೆಲಸ ಕೊಡುವುದರಿಂದ ಕುಕಿ ಸ್ವಲ್ಪ ಹೆಚ್ಚು ಉಬ್ಬುತ್ತದೆ, ಅಗಿಯುವ ಗುಣ ಸ್ವಲ್ಪ ಕಡಿಮೆಯಾಗುತ್ತದೆ. ನನ್ನ ಅತ್ತೆಯವರು ಇದನ್ನೇ ಮೆಚ್ಚುತ್ತಾರೆ.

ಒಳಗೆ ಹಾಲಿನ ಪದಾರ್ಥವಿರುವುದರಿಂದ ಚಕ್ಕಾ ಅಥವಾ ಕ್ರೀಮ್ ಚೀಸ್ ತುಂಬಿದ ಕುಕಿಗಳನ್ನು ತಣಿದ ಮೇಲೆ ಹೊರಗೆ ಬಿಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸಿ. ಡಬ್ಬಿಯಲ್ಲಿ ಅರ್ಧ ಹೋಳು ಬ್ರೆಡ್ ಇಟ್ಟರೆ ಬ್ರೆಡ್ಡಿನ ತೇವ ಕುಕಿಗೆ ಹೋಗಿ, ಮರುದಿನ ಬ್ರೆಡ್ ಒಣಗಿ ಕುಕಿ ಮೆತ್ತಗಿರುವುದನ್ನು ನೀವೇ ನೋಡುತ್ತೀರಿ. ತಿನ್ನುವ ಇಪ್ಪತ್ತು ನಿಮಿಷ ಮುಂಚೆ ಹೊರಗಿಟ್ಟರೆ ಬೆಣ್ಣೆ ಸಡಿಲಗೊಂಡು ಮೊದಲ ದಿನದ ಹದಕ್ಕೆ ಬರುತ್ತದೆ. ಬೇಯಿಸದ ತುಂಬಿದ ಉಂಡೆಗಳಾದರೆ ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತವೆ. ಅವುಗಳನ್ನು ಕರಗಿಸದೆ ನೇರವಾಗಿ ಓವನ್ನಿಗಿಟ್ಟು ಎರಡು ನಿಮಿಷ ಹೆಚ್ಚು ಬೇಯಿಸಿ. ನಿಮ್ಮ ಓಟಿಜಿಯ ನಿಜವಾದ ಶಾಖ ತಿಳಿಯುವವರೆಗೆ ಪ್ರತಿ ಸಲವೂ ಒಂದೇ ಒಂದು ಉಂಡೆಯನ್ನು ಮೊದಲು ಬೇಯಿಸಿ ನೋಡಿ, ಅದು ತಣಿದ ಮೇಲೆ ಮುರಿದು ನೋಡಿ, ಆಮೇಲೆ ಉಳಿದ ಹನ್ನೊಂದನ್ನು ಇಡಿ.